ಕನ್ನಡದ ಕೈಗೆ ಕಸುಬು ಬೇಕು, ಬರೀ ಬಾವುಟ ಸಾಲದು!



ನೇರವಾಗಿ ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಕೈಗೆ ಯಾವ ಕಸುಬು ಬರುತ್ತದೆ? ಏನು ಓದಿದ್ದೀರಿ ಎಂದು ಕೇಳುತ್ತಿಲ್ಲ. ಸಂಬಳ ಎಷ್ಟು ಎಂದೂ ಕೇಳುತ್ತಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಕಂಪನಿ ಬಾಗಿಲು ಹಾಕಿಕೊಂಡರೆ, ಮರುದಿನ ಇನ್ನೊಂದು ಊರಿನಲ್ಲಿ ಹೋಗಿ ನಿಂತು "ನನಗೆ ಇದು ಬರುತ್ತದೆ, ಕೆಲಸ ಕೊಡಿ" ಎಂದು ಎದೆ ತಟ್ಟಿ ಹೇಳಬಲ್ಲ ಒಂದು ವಿದ್ಯೆ ನಿಮ್ಮಲ್ಲಿ ಇದೆಯೇ?

ಇದನ್ನು ಕೇಳಲು ಕಾರಣ ಇದೆ. "ಕನ್ನಡಿಗರಿಗೆ ಕೆಲಸ ಕೊಡಿ" ಎಂದು ನಾವು 40 ವರ್ಷಗಳಿಂದ ಕೂಗುತ್ತಿದ್ದೇವೆ. ಸರೋಜಿನಿ ಮಹಿಷಿ ಸಮಿತಿ ತನ್ನ ವರದಿ ಕೊಟ್ಟದ್ದು 1986ರಲ್ಲಿ. ಆ ವರದಿ ಬಂದಾಗ ನಿಮ್ಮಲ್ಲಿ ಬಹಳ ಮಂದಿ ಹುಟ್ಟಿಯೇ ಇರಲಿಲ್ಲ. 2024ರ ಜುಲೈ ತಿಂಗಳಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ದಿಮೆಗಳಲ್ಲಿ ಆಡಳಿತದ ಹುದ್ದೆಗಳ ಶೇ. 50, ಉಳಿದ ಹುದ್ದೆಗಳ ಶೇ. 70 ಸ್ಥಳೀಯರಿಗೆ ಎಂದು ಅದರಲ್ಲಿ ಇತ್ತು. ದೊಡ್ಡ ಉದ್ಯಮಿಗಳು ಗದ್ದಲ ಎಬ್ಬಿಸಿದರು. ಸರಕಾರ ಕೆಲವೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಿತು. ಆಗ ಆ ಉದ್ಯಮಿಗಳ ಬಾಯಿಂದ ಬಂದ ಮಾತು ಯಾವುದು ನೆನಪಿದೆಯೇ? ಕುಶಲರು ಸಾಕಷ್ಟು ಸಿಗುವುದಿಲ್ಲ, ಕಂಪನಿಗಳು ಬೇರೆ ಕಡೆ ಹೋಗಬೇಕಾಗುತ್ತದೆ!

ಈ ಮಾತು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಅರ್ಧಕ್ಕೆ ಉತ್ತರ ಕೊಡಲು ನಮ್ಮ ಹೋರಾಟ ಇದೆ, ಧ್ವಜ ಇದೆ, ಗಂಟಲು ಇದೆ. ನಿಜದ ಅರ್ಧಕ್ಕೆ ಉತ್ತರ ಕೊಡುವುದು ಹೇಗೆ? ಅದನ್ನು ಮೆರವಣಿಗೆಯಲ್ಲಿ ಕೊಡಲು ಬರುವುದಿಲ್ಲ. ಬೆಂಚಿನ ಮುಂದೆ, ಮಷಿನ್ ಮುಂದೆ, ಪುಸ್ತಕದ ಮುಂದೆ ಕೂತು ಕೊಡಬೇಕು. ಅದಕ್ಕೆ ಬೇಕಾದ ತಾಳ್ಮೆ ನಮ್ಮಲ್ಲಿ ಉಳಿದಿದೆಯೇ ಎನ್ನುವುದೇ ಈ ಲೇಖನದ ಪ್ರಶ್ನೆ.

ಅಕ್ಟೋಬರ್ 31ರ ರಾತ್ರಿಯ ಕನ್ನಡ

ನನ್ನದು ಹೆದ್ದಾರಿ ಬದಿಯ ಸಣ್ಣ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಈಗ ಫ್ಲೆಕ್ಸ್. ಪ್ರೆಸ್ಸಿನವನಿಗೆ ಊರಿನ ಒಳಗು ಗೊತ್ತಿರುತ್ತದೆ. ಯಾರ ಮನೆಯ ಮದುವೆ ಮುರಿಯಿತು ಎನ್ನುವುದರಿಂದ ಹಿಡಿದು ಯಾರಿಗೆ ಎಷ್ಟು ಕನ್ನಡ ಬರುತ್ತದೆ ಎನ್ನುವವರೆಗೆ!

ನವೆಂಬರ್ 1 ಯಾವತ್ತು ಬರುತ್ತದೆ ಎನ್ನುವುದು ಗುಟ್ಟೇನಲ್ಲ. ರಾಜ್ಯ ಒಂದಾದದ್ದು 1956ರಲ್ಲಿ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅಂದಿನಿಂದ ತಾರೀಕು ಬದಲಾಗಿಲ್ಲ. ಆದರೂ ಹುಡುಗರ ದಂಡು ಬರುವುದು ಅಕ್ಟೋಬರ್ 31ರ ರಾತ್ರಿ. "ಅಣ್ಣಾ, ಬೆಳಿಗ್ಗೆ ಆರಕ್ಕೆ ಕಟ್ಟಬೇಕು, ಹೇಗಾದರೂ ಮಾಡಿಕೊಡು." ಮೊಬೈಲಿನಲ್ಲಿ 20 ಫೋಟೋ ಕಳಿಸುತ್ತಾರೆ. ಯಾರ ಮುಖ ಮೇಲೆ, ಯಾರದು ಕೆಳಗೆ ಎಂದು ಒಂದು ತಾಸು ಚರ್ಚೆ ನಡೆಯುತ್ತದೆ. ಅಕ್ಷರದ ಬಗ್ಗೆ ಒಂದು ನಿಮಿಷವೂ ಇಲ್ಲ. ಬರೆದು ತಂದ ಚೀಟಿಯಲ್ಲಿ "ರಾಜ್ಯೋತ್ಸವ" ಹೋಗಿ "ರಾಜೋತ್ಸವ" ಆಗಿರುತ್ತದೆ, "ಶುಭಾಶಯ" ಹೋಗಿ "ಶುಭಾಷಯ" ಆಗಿರುತ್ತದೆ. ತಿದ್ದುತ್ತೇನೆ, ಪ್ರೂಫ್ ನೋಡಿ ಎಂದರೆ "ಇರಲಿ ಬಿಡಣ್ಣಾ, ಫೋಟೋ ಚೆನ್ನಾಗಿ ಬಂದರೆ ಸಾಕು" ಎನ್ನುತ್ತಾರೆ.

ಕನ್ನಡದ ಹಬ್ಬ, ಕನ್ನಡದ ಬ್ಯಾನರ್, ಅದರಲ್ಲೇ ಕನ್ನಡಕ್ಕೆ ಗತಿಯಿಲ್ಲ!

ಇದು ಒಂದು ಊರಿನ ಕಥೆಯಲ್ಲ. ಅಂಗಡಿ ಬೋರ್ಡುಗಳಲ್ಲಿ ಶೇ. 60 ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ಬಂತು. ಹೋರಾಡಿದವರು ಲಾಠಿ ಏಟು ತಿಂದು, ಜೈಲಿಗೆ ಹೋಗಿ ಪಡೆದ ಕಾನೂನು ಅದು. ಆಮೇಲೆ ಎದ್ದ ಬೋರ್ಡುಗಳನ್ನು ಸುಮ್ಮನೆ ನಿಂತು ಓದಿ ನೋಡಿ. ಮೊಬೈಲಿಗೆ ಇಂಗ್ಲಿಷ್ ಹೇಳಿ, ಅದು ಕೊಟ್ಟ ಕನ್ನಡವನ್ನು ಹಾಗೆಯೇ ಅಚ್ಚು ಹಾಕಿದ ಬೋರ್ಡುಗಳು ಎಷ್ಟಿವೆ ಎಂದು ಗೊತ್ತಾಗುತ್ತದೆ. ಕಾನೂನು ತರಲು ನೂರಾರು ಜನ ಬೀದಿಗೆ ಇಳಿದರು. ಬೋರ್ಡು ತಿದ್ದಲು ಒಬ್ಬನೂ ಕೂರಲಿಲ್ಲ. ಯಾಕೆ? ಬೀದಿಗೆ ಇಳಿದರೆ ಅವತ್ತೇ ಫೋಟೋ ಬರುತ್ತದೆ. ತಿದ್ದಲು ಕೂತರೆ ಯಾರೂ ನೋಡುವುದಿಲ್ಲ.

ಮೊಳೆ ಕಲಿಸಿದ ಪಾಠ

ನಾನು ಪಿಯುಸಿ ಮುಗಿಸಿ 1998ರಲ್ಲಿ ಒಂದು ಪ್ರೆಸ್ಸಿಗೆ ಸೇರಿದೆ. ಆಗ ದೊಡ್ಡ ಊರುಗಳಿಗೆ ಕಂಪ್ಯೂಟರ್ ಬಂದಿತ್ತು, ನಮ್ಮ ಕಡೆ ಇನ್ನೂ ಸೀಸದ ಮೊಳೆ, ಟ್ರೆಡಲ್ ಮಷಿನ್. ಕನ್ನಡದ ಮೊಳೆ ಪೆಟ್ಟಿಗೆಗೆ ನೂರಾರು ಮನೆಗಳು. ಇಂಗ್ಲಿಷಿನ ಹಾಗೆ 26 ಅಕ್ಷರಕ್ಕೆ ಮುಗಿಯುವುದಿಲ್ಲ. ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಮೊದಲ ಕೆಲವು ತಿಂಗಳು ಮೊಳೆ ಜೋಡಿಸಲು ಬಿಡುತ್ತಲೇ ಇರಲಿಲ್ಲ. ಅಚ್ಚಾದ ಪುಟ ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಮನೆಗೆ ವಾಪಸು ಹಾಕುವುದೇ ಕೆಲಸ. ಹಾಗೆ ಹಾಕುತ್ತ ಹಾಕುತ್ತ ಬೆರಳಿಗೆ ಕನ್ನಡ ಬಂತು. "ದ" ಯಾವುದು, "ಧ" ಯಾವುದು ಎಂದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು.

ಆ ಕಾಲವೇ ಬಂಗಾರ ಎಂದು ಹಾಡುವವನು ನಾನಲ್ಲ. ಸೀಸದ ಧೂಳು ಕುಡಿದು ಕಣ್ಣು, ಎದೆ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಕಂಪ್ಯೂಟರ್ ಬಂದದ್ದು ಒಳ್ಳೆಯದೇ ಆಯಿತು. ನಾನು ಹೇಳುವುದು ಇಷ್ಟೇ: ಮೊಳೆಯ ಕಾಲದಲ್ಲಿ ತಪ್ಪು ಮಾಡಿದರೆ ಸಾಲು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಅದಕ್ಕೇ ತಪ್ಪಾಗುವ ಮೊದಲೇ ಕೈ ತಡೆಯುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ತಪ್ಪು ಅಳಿಸುತ್ತದೆ. ಅಳಿಸುವುದು ಸುಲಭವಾದ ಮೇಲೆ ನೋಡುವ ಅಭ್ಯಾಸವೇ ಹೋಯಿತು.

ಮತ್ತೊಂದು ಮಾತು. ನಿಮಗೆ ಇವತ್ತು ಕ್ಷಣದಲ್ಲಿ ಸಿಗುವ ಕನ್ನಡ ಯಾರದೋ ವರ್ಷಗಟ್ಟಲೆಯ ದುಡಿಮೆ. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಗೆ ಒಂದು ಕ್ರಮ ಕಟ್ಟಿಕೊಟ್ಟದ್ದಕ್ಕೆ ಬೆರಳೆಣಿಕೆಯ ಕೀಲಿಗಳಲ್ಲಿ ನಮ್ಮ ಇಡೀ ಕಾಗುಣಿತ ಕೂತಿತು. ಶೇಷಾದ್ರಿವಾಸು ಅವರು 1998ರಲ್ಲಿ "ಬರಹ" ತಂತ್ರಾಂಶ ಹೊರತಂದರು. ನಾನು ಮೊಳೆ ಹೆಕ್ಕುತ್ತಿದ್ದ ಅದೇ ವರ್ಷ! ಹಿಂದಕ್ಕೆ ಹೋದರೆ ಕಿಟ್ಟೆಲ್. 1853ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ಪಾದ್ರಿಯ ಕನ್ನಡ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದದ್ದು 1894ರಲ್ಲಿ. ಸುಮಾರು 70 ಸಾವಿರ ಶಬ್ದ. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ 8ನೇ ಸಂಪುಟ 1995ರಲ್ಲಿ ಬರುವ ಹೊತ್ತಿಗೆ ಮೊದಲ ಸಂಪುಟ ಬಂದು 25 ವರ್ಷ ಆಗಿತ್ತು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇವರಲ್ಲಿ ಒಬ್ಬರಾದರೂ "ನಾಳೆ ಬೆಳಿಗ್ಗೆ ಆರಕ್ಕೆ ಬೇಕು" ಎಂದಿದ್ದರೆ ಕನ್ನಡ ಎಲ್ಲಿ ಇರುತ್ತಿತ್ತು?

ಸೋಮಾರಿಗಳು ಎನ್ನಬೇಡಿ

ಇಷ್ಟು ಓದಿ "ಇವನೂ ನಮ್ಮನ್ನು ಸೋಮಾರಿ ಎನ್ನುತ್ತಾನೆ" ಎಂದುಕೊಂಡರೆ ತಪ್ಪು. ಹೋಟೆಲಿನ ಕಟ್ಟೆಯ ಮೇಲೆ ಕೂತು ಎರಡು ತಾಸು ಚಹಾ ಕುಡಿಯುತ್ತ "ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ" ಎನ್ನುವ ಹಿರಿಯರ ಗುಂಪಿಗೆ ನಾನು ಸೇರಿದವನಲ್ಲ.

ನಮ್ಮ ಕಡೆಯ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ, ಗೋವೆಯಲ್ಲಿ ಬೈಕ್ ಮೇಲೆ ಡೆಲಿವರಿ ಮಾಡುತ್ತಿದ್ದಾರೆ. ಬಿಸಿಲು, ಮಳೆ, ಟ್ರಾಫಿಕ್, ದಿನಕ್ಕೆ 12 ತಾಸು. ಯಾರಿಗೋ 10 ನಿಮಿಷದಲ್ಲಿ ಹಾಲು, ಕೊತ್ತಂಬರಿ ಸಿಗಲಿ ಎಂದು ಇವನು ಪ್ರಾಣ ಒತ್ತೆ ಇಟ್ಟು ಓಡುತ್ತಾನೆ. ಒಬ್ಬನ ಅವಸರ ಇನ್ನೊಬ್ಬನ ಬೆನ್ನಿನ ಮೇಲೆ ಸವಾರಿ ಮಾಡುತ್ತದೆ. ಇವನನ್ನು ಸೋಮಾರಿ ಎನ್ನುವ ನಾಲಿಗೆಗೆ ಹುಳ ಬೀಳಲಿ! ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ರಾಜ್ಯ ಸರಕಾರ 2025ರಲ್ಲಿ ಕಾಯ್ದೆ ತಂದದ್ದು ನ್ಯಾಯವಾದದ್ದೇ.

ಆದರೆ ಒಂದು ಲೆಕ್ಕ ಹಾಕಿ. ಇವನು ಐದು ವರ್ಷ ಹೀಗೆ ಓಡಿದ ಮೇಲೆ ಇವನಿಗೆ ಹೊಸದಾಗಿ ಏನು ಬರುತ್ತದೆ? ಮೊದಲ ತಿಂಗಳು ಗೊತ್ತಿದ್ದಷ್ಟೇ ಕೊನೆಯ ತಿಂಗಳೂ ಗೊತ್ತಿರುತ್ತದೆ. ಅದೇ ಐದು ವರ್ಷ ಒಬ್ಬ ಎಲೆಕ್ಟ್ರಿಷಿಯನ್ ಜತೆ, ಬಡಗಿ ಜತೆ, ಆಫ್‌ಸೆಟ್ ಮಷಿನ್ ಓಡಿಸುವವನ ಜತೆ ನಿಂತವನು ಆರನೇ ವರ್ಷ ತನ್ನ ರೇಟು ತಾನೇ ಹೇಳುತ್ತಾನೆ. ದುಡಿಮೆ ಬೇರೆ, ಕಸುಬು ಬೇರೆ. ದುಡಿಮೆ ಅವತ್ತಿನ ಊಟ ಕೊಡುತ್ತದೆ. ಕಸುಬು ಕೈಯಲ್ಲಿ ಸೇರುತ್ತ ಹೋಗುತ್ತದೆ, ಯಾವ ಮಾಲೀಕನೂ ಕಿತ್ತುಕೊಳ್ಳಲಾರ. ನಮ್ಮ ಹುಡುಗರಿಗೆ ದುಡಿಮೆ ಇದೆ, ಕಸುಬು ಇಲ್ಲ. ಕಾರಣ, ಕಸುಬಿನ ಮೊದಲ ಎರಡು ವರ್ಷ ಕೈಗೆ ದುಡ್ಡು ಕಡಿಮೆ. ಬೈಕಿನ ಕೆಲಸದಲ್ಲಿ ಮೊದಲ ವಾರವೇ ದುಡ್ಡು ಬೀಳುತ್ತದೆ. ಮನೆಯಲ್ಲಿ ಸಾಲ ಇರುವವನು ಯಾವುದನ್ನು ಆರಿಸಿಕೊಳ್ಳುತ್ತಾನೆ? ಬಡವನ ಅವಸರಕ್ಕೂ ಉಳ್ಳವನ ಅವಸರಕ್ಕೂ ವ್ಯತ್ಯಾಸ ಇದೆ, ಅದನ್ನು ಮರೆತು ಉಪದೇಶ ಮಾಡಬಾರದು.

ಹಿರಿಯರೇ, ನೀವೂ ಸ್ವಲ್ಪ ಕೇಳಿ

ಅವಸರದ ರೋಗ ಮೊಬೈಲಿನ ಜತೆ ಬಂದದ್ದಲ್ಲ. ಅಘನಾಶಿನಿ ಹೊಳೆಯ ಅಕ್ಕಪಕ್ಕದ ಗಜನಿ ಗದ್ದೆಗಳನ್ನು ಕೇಳಿ ನೋಡಿ. ಉಪ್ಪುನೀರು ನುಗ್ಗುವ ಆ ಗದ್ದೆಯಲ್ಲಿ ನಮ್ಮ ಅಜ್ಜಂದಿರು ಕಗ್ಗ ಭತ್ತ ಬೆಳೆದರು. ಗೊಬ್ಬರ ಬೇಡ, ಔಷಧ ಬೇಡ, ಉಪ್ಪಿಗೂ ನೆರೆಗೂ ಜಗ್ಗದ ತಳಿ. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಮೀನು, ಶೆಟ್ಲಿ. ಒಡ್ಡು ಒಡೆಯದಂತೆ, ನೀರಿನ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವಂತೆ ಊರೇ ಕೂಡಿ ಕಾಯುತ್ತಿತ್ತು.

1990ರ ದಶಕದಲ್ಲಿ ಸೀಗಡಿ ಕೃಷಿಯ ಹುಚ್ಚು ಕರಾವಳಿಗೆ ಬಂತು. ಕೆಲವೇ ತಿಂಗಳಲ್ಲಿ ಕೈತುಂಬ ದುಡ್ಡು ಎಂಬ ಆಸೆ. ಗದ್ದೆಗಳು ಗುತ್ತಿಗೆಗೆ ಹೋದವು. ಭತ್ತದ ಬೀಜ ಮನೆಯಿಂದ ಹೊರಟುಹೋಯಿತು. ಆ ದಶಕದ ನಡುವಿಗೇ ಬಿಳಿ ಚುಕ್ಕೆ ರೋಗ ಬಂದು ಸೀಗಡಿ ಸತ್ತಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸೀಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಿತು. ದುಡ್ಡೂ ಹೋಯಿತು, ಭತ್ತವೂ ಹೋಯಿತು. ಕೂಡಿ ಕಾಯುವ ಅಭ್ಯಾಸ ತಪ್ಪಿದ ಊರುಗಳಲ್ಲಿ ಗಜನಿ ಇವತ್ತಿಗೂ ಹಡಿಲು ಬಿದ್ದಿದೆ. ಈ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದವರು ಇವತ್ತಿನ ರೀಲ್ಸ್ ಹುಡುಗರಲ್ಲ, ಅವರ ಅಪ್ಪ, ಅಜ್ಜಂದಿರು!

ಲಾಟರಿಯದ್ದೂ ಅದೇ ಕಥೆ. 2007ರಲ್ಲಿ ರಾಜ್ಯದಲ್ಲಿ ನಿಷೇಧ ಆಗುವವರೆಗೆ ಬಸ್‌ಸ್ಟ್ಯಾಂಡಿನ ಲಾಟರಿ ಗೂಡಿನ ಮುಂದೆ ದಿನದ ಕೂಲಿ ಸುರಿದವರು ಯಾರು? ನಂತರ ಅದೇ ಆಟ ಮೊಬೈಲಿನ ಒಳಗೆ ಬಂತು. ಕ್ರಿಕೆಟ್ ಟೀಮು ಕಟ್ಟಿ, ಕೋಟಿ ಗೆಲ್ಲಿ ಎಂದು ದೊಡ್ಡ ದೊಡ್ಡ ಆಟಗಾರರೇ ಜಾಹೀರಾತಿನಲ್ಲಿ ಕರೆದರು. 2021ರಲ್ಲಿ ರಾಜ್ಯ ಸರಕಾರ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹುಡುಗರ ತಲೆಯಲ್ಲಿ "ಬೆವರಿಲ್ಲದೆ ದುಡ್ಡು" ಎಂಬ ಬೀಜ ಬಿತ್ತಿದವರು ಜಾಹೀರಾತಿನವರು, ಕಣ್ಣು ಮುಚ್ಚಿ ಕೂತವರು ಹಿರಿಯರು. ಈಗ ಬೈಗುಳ ಮಾತ್ರ ಹುಡುಗರಿಗೆ!

ದುಡಿದವರಿಗೆ ನಾವು ಕೊಟ್ಟದ್ದೇನು?

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಎಲ್ಲರಿಗೂ ಗೊತ್ತು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ ಹಾಲಕ್ಕಿ ತಾಯಿ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಕ್ಷರ ಕಲಿಯದಿದ್ದರೂ ಯಾವ ಮರದ ಬೀಜ ಯಾವಾಗ ಹೆಕ್ಕಬೇಕು, ಹೇಗೆ ಮೊಳೆಸಬೇಕು ಎನ್ನುವುದು ಅವರ ಕೈಯಲ್ಲಿ ಇತ್ತು. ಕಸುಬು ಎಂದರೆ ಅದು. ಹಾಕಿದ ಸಸಿ ಮರವಾಗಲು ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಿ ದುಡಿದವರಲ್ಲ ಅವರು.

ಈಗ ಎಲ್ಲರೂ ಅವರ ಫೋಟೋ ತೋರಿಸಿ ಹುಡುಗರಿಗೆ ಪಾಠ ಹೇಳುತ್ತಾರೆ. ಆದರೆ ಅದೇ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ದುಡಿದರು ಎನ್ನುವುದನ್ನು ಯಾಕೆ ಹೇಳುವುದಿಲ್ಲ? ಅಂಥ ಕೈಗೂ ದಿನಗೂಲಿ ಕೊಟ್ಟ ಸಮಾಜ, 20 ವರ್ಷದ ಹುಡುಗನಿಗೆ "ದುಡಿ, ಫಲ ತಾನಾಗಿ ಬರುತ್ತದೆ" ಎಂದರೆ ಅವನು ಹೇಗೆ ನಂಬಬೇಕು? 12ನೇ ಶತಮಾನದ ಶರಣರು ಕಾಯಕದ ಜತೆ ದಾಸೋಹವನ್ನೂ ಹೇಳಿದರು. ನಮ್ಮ ಮಾಲೀಕರಿಗೆ ಕಾಯಕ ಮಾತ್ರ ನೆನಪಿದೆ, ಅದೂ ಬೇರೆಯವರ ಕಾಯಕ!

ನಾನೂ ಮಾಲೀಕನೇ, ಆದ್ದರಿಂದ ಮಾಲೀಕರ ಮಾತನ್ನು ಬಿಚ್ಚಿಯೇ ಹೇಳುತ್ತೇನೆ. ಕಲಿಯಲು ಬಂದ ಹುಡುಗನನ್ನು ಚಹಾ ತರಲು, ಅಂಗಡಿ ಗುಡಿಸಲು ಎರಡು ವರ್ಷ ಇಟ್ಟುಕೊಂಡು, ಕೈಖರ್ಚಿಗೆ ನೂರಿನ್ನೂರು ಎಸೆದು, ಅವನು ಓಡಿಹೋದ ಮೇಲೆ "ಕನ್ನಡದ ಹುಡುಗರು ನಿಲ್ಲುವುದಿಲ್ಲ, ಹೊರಗಿನವರೇ ವಾಸಿ" ಎನ್ನುವುದು ಅನ್ಯಾಯ. ಅಪ್ರೆಂಟಿಸ್ ಕಾಯ್ದೆ ಈ ದೇಶದಲ್ಲಿ 1961ರಿಂದ ಇದೆ. ಕಲಿಯುವವನಿಗೆ ಸ್ಟೈಪೆಂಡ್ ಕೊಡಬೇಕು ಎಂದು ಅದು ಹೇಳುತ್ತದೆ. ಹೊರಗಿನವನು ನಿಲ್ಲುತ್ತಾನೆ, ಯಾಕೆಂದರೆ ವಾಪಸು ಹೋಗಲು ಅವನಿಗೆ ದಾರಿ ಇಲ್ಲ. ಅದನ್ನು ನಿಯತ್ತು ಎಂದು ಹೊಗಳುವುದು ಅವನಿಗೂ ಅವಮಾನ, ನಮಗೂ ಅವಮಾನ.

ಹೋರಾಟವೂ ಒಂದು ಕಸುಬೇ

ಚಳವಳಿಯ ತಮ್ಮಂದಿರಿಗೆ ಇನ್ನೊಂದು ಮಾತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. ಅದರ ನಂತರದ್ದನ್ನೂ ಓದಿ. ಅದೇ ಅಂಕೋಲೆ, ಸಿದ್ದಾಪುರದ ಕಡೆಯ ರೈತರು ಕರ ನಿರಾಕರಣೆಗೆ ಇಳಿದರು. ಸರಕಾರ ಜಮೀನು ಜಪ್ತಿ ಮಾಡಿತು. ಮನೆ, ಗದ್ದೆ ಕಳೆದುಕೊಂಡು ವರ್ಷಗಟ್ಟಲೆ ತಡೆದುಕೊಂಡು ನಿಂತರು. ಅವರಿಗೆ ಸಂಜೆಯ ಟಿ.ವಿ.ಯಲ್ಲಿ ಮುಖ ಬರುವ ಆಸೆ ಇರಲಿಲ್ಲ. ಒಂದು ದಿನದ ಬಂದ್, ಒಂದು ತಾಸಿನ ಧರಣಿ, ಒಂದು ನಿಮಿಷದ ರೀಲ್ಸ್, ಇಷ್ಟಕ್ಕೇ ಮುಗಿಯುವ ಹೋರಾಟವನ್ನು ಸರಕಾರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಹಿಷಿ ವರದಿ ಇಷ್ಟು ವರ್ಷ ಧೂಳು ತಿನ್ನುತ್ತ ಬಿದ್ದಿರಲು ಇದೂ ಒಂದು ಕಾರಣ. ನಾವು ಕೂಗಿ ಮನೆಗೆ ಹೋಗುತ್ತೇವೆ ಎಂದು ಅವರಿಗೆ ಗೊತ್ತಿದೆ!

ಮಾಡಬೇಕಾದ ಮೂರು ಕೆಲಸ

ಒಂದು, ನೀವು. ಯಾವುದಾದರೂ ಒಂದು ಕಸುಬಿಗೆ 1,000 ದಿನ ಕೊಡಿ. ವೈರಿಂಗ್ ಇರಲಿ, ವೆಲ್ಡಿಂಗ್ ಇರಲಿ, ಡಿಸೈನ್ ಇರಲಿ, ಕರಡು ತಿದ್ದುವುದಿರಲಿ, ಪ್ರೋಗ್ರಾಂ ಬರೆಯುವುದಿರಲಿ. ಹಗಲು ಹೊಟ್ಟೆಪಾಡಿಗೆ ಬೈಕ್ ಓಡಿಸುವವರು ರಾತ್ರಿ ಒಂದು ತಾಸು ಕೊಡಿ, ಸಾಕು. ಮೊದಲ 100 ದಿನ ಬೇಸರ ಬರುತ್ತದೆ. ಅದು ಎಲ್ಲರಿಗೂ ಬರುತ್ತದೆ. ಆ 100 ದಿನ ದಾಟಿದವರು ಕಡಿಮೆ, ಅದಕ್ಕೇ ದಾಟಿದವರಿಗೆ ಬೆಲೆ.

ಎರಡು, ಮಾಲೀಕರು. ಮೊದಲ ತಿಂಗಳಿನಿಂದಲೇ ಬದುಕುವಷ್ಟು ಸಂಬಳ ಕೊಡಿ. ಎಷ್ಟು ತಿಂಗಳಿಗೆ ಏನು ಕಲಿಸುತ್ತೀರಿ, ಸಂಬಳ ಯಾವಾಗ ಏರುತ್ತದೆ ಎಂದು ಕಾಗದದ ಮೇಲೆ ಬರೆದುಕೊಡಿ. ಹುಡುಗನಿಗೆ ನಾಳೆಯ ದಾರಿ ಕಂಡರೆ ಇವತ್ತಿನ ಕಷ್ಟ ತಡೆಯುತ್ತಾನೆ. ದಾರಿಯೇ ಕಾಣದವನಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಮೂರು, ಕನ್ನಡ ಸಂಘಗಳು. ಪ್ರತಿ ಸಂಘವೂ ತನ್ನ ಊರಿನಲ್ಲಿ ಕಲಿಯಲು ಸಿದ್ಧರಿರುವ ಹುಡುಗ ಹುಡುಗಿಯರದ್ದೊಂದು ಪಟ್ಟಿ, ಕಲಿಸಲು ಸಿದ್ಧರಿರುವ ಅಂಗಡಿ, ಕಾರ್ಖಾನೆಯವರದ್ದೊಂದು ಪಟ್ಟಿ ಮಾಡಲಿ. ಎರಡನ್ನೂ ಕೂಡಿಸಲಿ. ವರ್ಷಕ್ಕೆ ಹತ್ತು ಜನ ಕಸುಬುದಾರರನ್ನು ತಯಾರು ಮಾಡಿದ ಸಂಘ "ಕನ್ನಡಿಗರಿಗೆ ಕೆಲಸ ಕೊಡಿ" ಎಂದು ಕಾರ್ಖಾನೆಯ ಗೇಟಿಗೆ ಹೋದರೆ ಆ ದನಿಗೆ ಬೇರೆಯೇ ತೂಕ ಇರುತ್ತದೆ. "ಕುಶಲರು ಎಲ್ಲಿದ್ದಾರೆ?" ಎಂದು ಮ್ಯಾನೇಜರ್ ಕೇಳಿದ ಕೂಡಲೇ ಹತ್ತು ಜನರನ್ನು ಹೆಸರು ಹಿಡಿದು ಮುಂದೆ ನಿಲ್ಲಿಸಬಹುದು. ಆಗ ಅವನ ಬಾಯಲ್ಲಿ ನೆಪ ಉಳಿಯುವುದಿಲ್ಲ.

ಕೆಲಸ ಕೇಳುವುದು ಕನ್ನಡಿಗರ ಹಕ್ಕು, ಅದರಲ್ಲಿ ರಾಜಿ ಇಲ್ಲ. ಕೊಟ್ಟ ಕೆಲಸವನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಮಾಡಿ ತೋರಿಸುವುದು ಕನ್ನಡಿಗರ ಮರ್ಯಾದೆ, ಅದರಲ್ಲೂ ರಾಜಿ ಬೇಡ. ಬರುವ ರಾಜ್ಯೋತ್ಸವಕ್ಕೆ ಬ್ಯಾನರಿನ ಕರಡನ್ನು ಅಕ್ಟೋಬರ್ ಮೊದಲ ವಾರವೇ ಪ್ರೆಸ್ಸಿಗೆ ತನ್ನಿ. ಕೂತು, ಒಂದೊಂದೇ ಅಕ್ಷರ ನೀವೇ ತಿದ್ದಿ. ಕಲಿಯುವುದು ಅಲ್ಲಿಂದಲೇ ಶುರುವಾಗಲಿ.

- ಪ್ರೆಸ್ ಮಾಲೀಕನೊಬ್ಬ, ಹಿರೇಗುತ್ತಿ, ಕುಮಟಾ ತಾಲೂಕು